ನಲವತ್ತು ದಿನಗಳ ರಜೆಯೂ ಮುಗಿಯದ ಮನೆಯೂ

ಉಡುಪಿ ಕಡೆಯ ದಂಪತಿಯೊಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಪತಿ ಕುವೈತ್‌ನಲ್ಲಿ ಗೋದಾಮೊಂದರ ಲೆಕ್ಕಪತ್ರ ನೋಡುವವರು. ವರ್ಷಕ್ಕೊಮ್ಮೆ 40 ದಿನಗಳ ರಜೆಯಲ್ಲಿ ಊರಿಗೆ ಬರುತ್ತಾರೆ. ಪತ್ನಿ ಶಿಕ್ಷಕಿ, ಅತ್ತೆ ಮತ್ತು ಆರು ವರ್ಷದ ಮಗನೊಂದಿಗೆ ಹಳೆಯ ಮನೆಯಲ್ಲಿದ್ದಾರೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲು ಬಂದವರು ಆಕೆ ಒಬ್ಬರೇ. "ಇವರು ಬರುವ ತನಕ ದಿನ ಎಣಿಸುತ್ತೇನೆ ಮೇಡಂ. ಬಂದು ವಾರವಾಗುವುದರೊಳಗೆ ಯಾವಾಗ ಹೊರಡುತ್ತಾರೋ ಅನಿಸುತ್ತದೆ. ನನ್ನಲ್ಲೇ ಏನೋ ದೋಷ ಇರಬೇಕು" ಎಂದು ಮಾತು ಆರಂಭಿಸಿದರು.

ನಿದ್ರೆ, ಹಸಿವು, ಬದುಕೇ ಬೇಡವೆನ್ನುವ ಯೋಚನೆ ಇವುಗಳ ಬಗ್ಗೆ ವಿಚಾರಿಸಿ, ಮನೆಯಲ್ಲಿ ಹೊಡೆತ, ಬೆದರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪತಿಯನ್ನೂ ಬರಹೇಳಿದೆ. ಹಿಂಸೆ ಇರುವ ಮನೆಗೆ ಇಲ್ಲಿ ಬರೆಯುತ್ತಿರುವ ಸಲಹೆ ಸಲ್ಲುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಸುರಕ್ಷತೆಯನ್ನು.

ಪತಿ ತಮ್ಮ ಮೊಬೈಲ್ ತೆಗೆದು, ರಜೆಗೆಂದು ತಿಂಗಳುಗಟ್ಟಲೆ ಮೊದಲೇ ಬರೆದಿಟ್ಟ ಪಟ್ಟಿಯನ್ನು ತೋರಿಸಿದರು. ಬಂಗುಡೆ ಪುಳಿಮುಂಚಿ, ಅಂಜಲ್ ಫ್ರೈ, ಮಗನೊಂದಿಗೆ ಮಲ್ಪೆ ಬೀಚ್, ಕೊಲ್ಲೂರು, ಧರ್ಮಸ್ಥಳ, ಕೊನೆಯಲ್ಲಿ ಹೊಸಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ರಜೆ ಸಿಕ್ಕಿದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ಬಂದರಿನಲ್ಲೇ ಇದ್ದವು, ಮಳೆಗೆ ಸಮುದ್ರ ಉಕ್ಕುತ್ತಿತ್ತು, ಶಾಲೆ ಆಗಷ್ಟೇ ಆರಂಭವಾಗಿದ್ದರಿಂದ ಪತ್ನಿಗೆ ರಜೆ ಇರಲಿಲ್ಲ, ಹೊಸಮನೆ ಸ್ಲ್ಯಾಬಿನ ಹಂತದಲ್ಲೇ ನಿಂತಿತ್ತು. ಇವೆಲ್ಲ ಕರಾವಳಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಗೊತ್ತಿಲ್ಲದ ಸಂಗತಿಗಳಲ್ಲ. ಪಟ್ಟಿ ಬರೆಯುವಾಗ ಮಾತ್ರ ಮನಸ್ಸಿಗೆ ಬಂದಿರಲಿಲ್ಲ. "ಹನ್ನೊಂದು ತಿಂಗಳು ದುಡಿದದ್ದು ಇದಕ್ಕಾಗಿಯೇ?" ಎಂದು ಅವರು ಮನೆಯಲ್ಲಿ ಗಟ್ಟಿಯಾಗಿ ಕೇಳಿದ್ದರು. ಕಂಟ್ರಾಕ್ಟರ್ ಹಿಂದೆ ಅಲೆದು, ಅತ್ತೆಯ ಔಷಧ, ಮಗನ ಜ್ವರ ಎಲ್ಲವನ್ನೂ ಒಬ್ಬಳೇ ಸುಧಾರಿಸಿದ್ದ ಪತ್ನಿ, "ನಿನಗೆಷ್ಟು ಕಷ್ಟವಾಯಿತು" ಎಂಬ ಒಂದು ಮಾತಿಗಾಗಿ ಕಾದಿದ್ದರು. ಹಾಗೆಂದು ಅವರಿಗೆ ಹೇಳಿದ್ದೀರಾ ಎಂದು ಕೇಳಿದಾಗ, "ಅದನ್ನೂ ಬಾಯಿಬಿಟ್ಟೇ ಹೇಳಬೇಕಾ?" ಎಂದು ಕಣ್ಣೊರೆಸಿಕೊಂಡರು.

ಏನನ್ನೂ ನಿರೀಕ್ಷಿಸದಿದ್ದರೆ ನೆಮ್ಮದಿಯಾಗಿರಬಹುದು ಎಂಬುದು ಬಂಧುಗಳು ಆಕೆಗೆ ಹೇಳಿದ್ದ ಬುದ್ಧಿಮಾತು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಂಗಾತಿಯಿಂದ ಏನನ್ನೂ ಬಯಸದ ಸ್ಥಿತಿಗೆ ತಲುಪಿದವರಲ್ಲಿ ನಾನು ಕಂಡಿರುವುದು ಹೆಚ್ಚಾಗಿ ನೆಮ್ಮದಿಯನ್ನಲ್ಲ, ಸಂಬಂಧವನ್ನೇ ಕೈಬಿಟ್ಟ ದಣಿವನ್ನು. ಲಂಡನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಣ ಗೆಲ್ಲುವ ಆಟವಾಡಿದವರ ಆ ಕ್ಷಣದ ಸಂತೋಷವು ಗೆದ್ದ ಒಟ್ಟು ಮೊತ್ತಕ್ಕಿಂತ, ಬಂದದ್ದು ನಿರೀಕ್ಷೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಅವಲಂಬಿಸಿತ್ತು. ಆದರೆ ಒಳ್ಳೆಯದನ್ನು ನಿರೀಕ್ಷಿಸುವುದೇ ಫಲ ಬರುವ ಮುನ್ನ ಸಂತೋಷವನ್ನು ಹೆಚ್ಚಿಸುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಆ ಪಟ್ಟಿ ಕುವೈತ್‌ನ ಒಂಟಿ ಕೋಣೆಯಲ್ಲಿ ಅವರನ್ನು ತಿಂಗಳುಗಟ್ಟಲೆ ಗೆಲುವಾಗಿ ಇಟ್ಟಿತ್ತು. ಅದನ್ನು ಅಳಿಸಿಹಾಕಿ ಎಂದು ನಾನು ಹೇಳಲಿಲ್ಲ, ಪತ್ನಿಯೊಂದಿಗೆ ಕುಳಿತು ಬರೆಯಿರಿ ಎಂದೆ. ಮಳೆಗಾಲದ ರಜೆಯಾದರೆ ಮಳೆಗಾಲದ ಪಟ್ಟಿ, ಬಂದ ಮೊದಲೆರಡು ದಿನಗಳಿಗೆ ಯಾವ ಕಾರ್ಯಕ್ರಮವೂ ಬೇಡ, ನೆಂಟರ ಮನೆಗೆ ಹೋಗುವುದನ್ನು ಆಕೆಯ ಶಾಲೆಯ ವೇಳೆ ನೋಡಿ ನಿರ್ಧರಿಸಿ ಎಂಬುದಷ್ಟೇ ನನ್ನ ಸೂಚನೆಯಾಗಿತ್ತು.

ಮನೆಯ ವಿಷಯಕ್ಕೆ ಹೆಚ್ಚು ಸಮಯ ಬೇಕಾಯಿತು, ಏಕೆಂದರೆ ಕೆಲಸ ತಡವಾದದ್ದಕ್ಕೆ ಪತ್ನಿಯ ಅಲಕ್ಷ್ಯವೇ ಕಾರಣವೆಂದು ಪತಿ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಲೆಕ್ಕದ ಮನುಷ್ಯರಾದ್ದರಿಂದ ಲೆಕ್ಕವನ್ನೇ ಮುಂದಿಟ್ಟೆ. ಕೆಲಸಕ್ಕೆ ತಗಲುವ ಸಮಯವನ್ನು ಜನರು ಕಡಿಮೆ ಅಂದಾಜಿಸುವ ಈ ಪ್ರವೃತ್ತಿಯನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು. ಎಲ್ಲವೂ ಕೈಕೊಟ್ಟರೂ 49 ದಿನದಲ್ಲಿ ಆದೀತೆಂದಿದ್ದರು. ವಾಸ್ತವದಲ್ಲಿ 55 ದಿನಗಳಿಗೂ ಹೆಚ್ಚು ಹಿಡಿಯಿತು. ಅವರಿಗೆ ಸೋಮಾರಿತನ ಕಾರಣವಾಗಿರಬೇಕಿಲ್ಲ. ಮುಂದಿನ ಕೆಲಸವನ್ನು ಕಲ್ಪಿಸಿಕೊಳ್ಳುವಾಗ ಹಿಂದಿನ ಅನುಭವವನ್ನು ಲೆಕ್ಕಕ್ಕೆ ಸೇರಿಸದಿರುವುದು ಎಲ್ಲರ ಸ್ವಭಾವ. "ನಿಮ್ಮ ಕಂಟ್ರಾಕ್ಟರ್ ಹೇಳಿದ ಹತ್ತು ತಿಂಗಳನ್ನು ಬದಿಗಿಡಿ. ಇತ್ತೀಚೆಗೆ ಮನೆ ಕಟ್ಟಿಸಿದ ಮೂವರಿಗೆ ಫೋನ್ ಮಾಡಿ, ಪಾಯದಿಂದ ಒಕ್ಕಲಿನವರೆಗೆ ನಿಜವಾಗಿ ಎಷ್ಟು ತಿಂಗಳಾಯಿತೆಂದು ಕೇಳಿ" ಎಂದೆ. ಒಬ್ಬರದೂ ಒಂದೂವರೆ ವರ್ಷಕ್ಕಿಂತ ಬೇಗ ಮುಗಿದಿರಲಿಲ್ಲ. ಮಳೆಗಾಲದಲ್ಲಿ ಮರಳು ಸಿಗದ್ದು, ಕೆಂಪುಕಲ್ಲಿನ ಲೋಡ್ ಬಾರದ್ದು, ಮರದ ಕೆಲಸದ ಆಚಾರಿ ಇನ್ನೊಂದು ಮನೆಗೆ ಹೋದದ್ದು ಮೂವರ ಕಥೆಯಲ್ಲೂ ಇತ್ತು. ಮುಂದಿನ ಭೇಟಿಗೆ ಬಂದ ಪತಿ ಕುಳಿತ ಕೂಡಲೇ ಪತ್ನಿಯ ಕಡೆ ತಿರುಗಿ, "ನಿನ್ನನ್ನು ಬೈದದ್ದು ಸರಿಯಾಗಲಿಲ್ಲ ಮಾರಾಯ್ತಿ" ಎಂದರು.

ಪ್ರೀತಿ ಇದ್ದರೆ ಹೇಳದೆಯೇ ತಿಳಿಯಬೇಕು ಎಂಬ ಪತ್ನಿಯ ನಂಬಿಕೆ ಇದಕ್ಕಿಂತ ಬಲವಾಗಿತ್ತು. ಹತ್ತಿರವಿದ್ದರೆ ಮುಖ ನೋಡಿ, ನಡೆ ನೋಡಿ ಅಷ್ಟಿಷ್ಟು ಊಹಿಸಬಹುದು. ವರ್ಷದಲ್ಲಿ ಹನ್ನೊಂದು ತಿಂಗಳು ವಿಡಿಯೋ ಕಾಲ್‌ನಲ್ಲಷ್ಟೇ ಕಾಣುವವರಿಂದ ಆ ಊಹೆಯನ್ನು ಬಯಸುವುದು ನ್ಯಾಯವಲ್ಲ ಎಂದು ಹೇಳಿದಾಗ ಆಕೆ ಬಹಳ ಹೊತ್ತು ವಾದಿಸಿದರು. ಕೇಳಿ ಪಡೆದ ಮಾತಿಗೆ ಬೆಲೆಯಿಲ್ಲ ಎಂಬ ಆಕೆಯ ವಾದದಲ್ಲಿ ನೋವಿತ್ತು, ಅದನ್ನು ನಾನು ಹಗುರವಾಗಿ ಕಾಣಲಿಲ್ಲ. ಆದರೂ ಒಂದು ಅಭ್ಯಾಸಕ್ಕೆ ಇಬ್ಬರೂ ಒಪ್ಪಿದರು: ಪತಿಗೆ ರಜೆಯಿರುವ ಶುಕ್ರವಾರದ ಕರೆಯಲ್ಲಿ, ಮನೆಯ ಖರ್ಚಿನ ಮಾತು ಬರುವ ಮೊದಲು, ಈ ವಾರ ಇನ್ನೊಬ್ಬರಿಂದ ತಮಗೆ ಬೇಕಾಗಿದ್ದ ಒಂದು ಸಂಗತಿಯನ್ನು ಪ್ರತಿಯೊಬ್ಬರೂ ಹೇಳಬೇಕು. ಅದನ್ನು ಕೇಳಿಸಿಕೊಂಡವರಿಗೆ ಆಗುವುದಿಲ್ಲವೆಂದು ಹೇಳುವ ಸ್ವಾತಂತ್ರ್ಯವೂ ಇರಬೇಕು, ಇಲ್ಲವಾದರೆ ಕೋರಿಕೆ ಅಪ್ಪಣೆಯಾಗುತ್ತದೆ.

ಈಗ ಒಕ್ಕಲನ್ನು ಮುಂದಿನ ಬೇಸಿಗೆಗೆ ಇಟ್ಟುಕೊಂಡಿದ್ದಾರೆ, ಪತಿ ಏಪ್ರಿಲ್‌ನಲ್ಲಿ ರಜೆ ಕೇಳಿದ್ದಾರೆ. ಶುಕ್ರವಾರದ ಕರೆ ಎಲ್ಲ ವಾರವೂ ನಡೆಯುತ್ತಿಲ್ಲ; ನಡೆದ ವಾರ ಮನಸ್ಸು ಹಗುರವಾಗುತ್ತದೆ ಎಂದು ಆಕೆ ತಿಳಿಸಿದ್ದಾರೆ. ಹೊಸಮನೆಗೆ ಹೋದ ಮೇಲೆ ಅತ್ತೆ ಹಳೆಮನೆಯನ್ನೂ ದೈವದ ಚಾವಡಿಯನ್ನೂ ಬಿಟ್ಟು ಬರುತ್ತಾರೆಂದು ಮಗ ಸೊಸೆ ಇಬ್ಬರೂ ಭಾವಿಸಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ಮೂವರೂ ಒಟ್ಟಿಗೆ ಕುಳಿತು ಮಾತನಾಡುವ ಭೇಟಿಯನ್ನು ಆ ಏಪ್ರಿಲ್‌ಗೇ ಗೊತ್ತುಮಾಡಿದ್ದೇವೆ.