ದರ ಇಳಿಸುವುದಾದರೆ ಕೆಲಸವನ್ನೂ ಇಳಿಸಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರ ಇದು. ನೌಕರಿ ಬಿಟ್ಟು ಈಗ ಸ್ವತಂತ್ರವಾಗಿ ವೆಬ್‌ಸೈಟ್ ವಿನ್ಯಾಸ ಮಾಡುತ್ತಿದ್ದಾರೆ. ಹಳೆಯ ಸಂಬಳವನ್ನು ಗಂಟೆಗಳಿಂದ ಭಾಗಿಸಿ ದರ ಇಟ್ಟುಕೊಂಡರಂತೆ. ದೊಡ್ಡ ಗ್ರಾಹಕರೊಬ್ಬರು ‘ಬೇರೆಯವರು ಅರ್ಧಕ್ಕೇ ಮಾಡಿಕೊಡ್ತಾರೆ’ ಎಂದಾಗ ಅಲ್ಲೇ ಶೇ 20ರಷ್ಟು ಇಳಿಸಿದರಂತೆ. ‘ಈಗ ರಾತ್ರಿಯೂ ಕೆಲಸ. ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಜಾಸ್ತಿ ಕೇಳಿದರೆ ಅವರು ಬಿಟ್ಟುಹೋಗುತ್ತಾರೇನೋ ಎಂಬ ಭಯ. ಏನು ಮಾಡಲಿ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮೊದಲು ನಿಮ್ಮ ದರದ ಲೆಕ್ಕವನ್ನೇ ನೋಡೋಣ. ತೊಂದರೆ ಅಲ್ಲಿಂದಲೇ ಶುರುವಾಗಿದೆ.

ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2080 ಗಂಟೆ. ನೌಕರಿಯಲ್ಲಿ ಇಷ್ಟಕ್ಕೂ ಸಂಬಳ ಬರುತ್ತಿತ್ತು, ರಜೆಯ ದಿನಗಳೂ ಸೇರಿ. ಈಗ ಹಬ್ಬ, ಜ್ವರ, ಊರಿಗೆ ಹೋಗುವುದು ಎಂದು ಆರು ವಾರ ತೆಗೆಯಿರಿ. 1840 ಉಳಿಯಿತು. ಅದರಲ್ಲೂ ಕೊಟೇಶನ್ ಬರೆಯುವುದು, ಫೋನ್ ಮಾತು, ಬಿಲ್ ಕಳಿಸುವುದು, ಬಾಕಿ ಹಣಕ್ಕೆ ಬೆನ್ನು ಹತ್ತುವುದು, ಹೊಸದನ್ನು ಕಲಿಯುವುದು. ಇವಕ್ಕೆಲ್ಲ ಮೂರರಲ್ಲಿ ಒಂದು ಪಾಲು ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಬಿಲ್ ಹಾಕಬಹುದಾದ ಗಂಟೆ ಸುಮಾರು 1230 ಮಾತ್ರ. ಅಂದರೆ ಹಳೆಯ ಸಂಬಳದಷ್ಟೇ ದುಡಿಯಬೇಕಾದರೂ ಗಂಟೆಯ ದರ 1.7 ಪಟ್ಟು ಇರಬೇಕು. ಕಂಪ್ಯೂಟರ್, ಸಾಫ್ಟ್‌ವೇರ್, ವಿಮೆ, ಮುಪ್ಪಿಗೆ ಎತ್ತಿಡುವ ಹಣ, ಕೆಲಸವೇ ಇಲ್ಲದ ತಿಂಗಳು ಎಲ್ಲವನ್ನೂ ಸೇರಿಸಿದರೆ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ನೀವು ಒಂದು ಪಟ್ಟಿಗೆ ಶುರು ಮಾಡಿ, ಅದರಲ್ಲೂ ಇಳಿಸಿದ್ದೀರಿ. ಕೈಯಲ್ಲಿ ಏನೂ ನಿಲ್ಲದಿರುವುದಕ್ಕೆ ನಿಮ್ಮ ಸೋಮಾರಿತನ ಕಾರಣವಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಆ ಶೇ 20ರ ವಿಷಯಕ್ಕೆ ಬರುತ್ತೇನೆ. ದರ ಶೇ 20 ಇಳಿದರೆ ಮೊದಲಿನಷ್ಟೇ ಹಣಕ್ಕೆ ಶೇ 25 ಜಾಸ್ತಿ ಗಂಟೆ ದುಡಿಯಬೇಕು. ಎಲ್ಲ ಗ್ರಾಹಕರಿಗೂ ಹಾಗೆ ಇಳಿಸಿದರೆ 1230 ಗಂಟೆಯ ಮೇಲೆ ಇನ್ನೂ 300 ಗಂಟೆ, ವಾರಕ್ಕೆ ಆರೇಳು ಗಂಟೆ. ನಿಮ್ಮ ರಾತ್ರಿಗಳು ಹೋಗುತ್ತಿರುವುದು ಅಲ್ಲಿಗೇ. ಇದನ್ನೇ ತಿರುಗಿಸಿ ನೋಡಿ. ದರ ಶೇ 25 ಏರಿಸಿ, ಕೆಲಸ ಶೇ 20 ಕಡಿಮೆಯಾದರೂ ಆದಾಯ ಅಷ್ಟೇ ಇರುತ್ತದೆ. ಐದು ಗ್ರಾಹಕರು ಒಂದೇ ಸಮನಾಗಿ ಕೆಲಸ ಕೊಡುತ್ತಿದ್ದರೆ ಒಬ್ಬರು ಹೋದರೂ ನಷ್ಟವಿಲ್ಲ.

ಇನ್ನು ‘ಬೇರೆಯವರು ಅರ್ಧಕ್ಕೇ ಮಾಡಿಕೊಡ್ತಾರೆ’ ಎಂಬ ಮಾತು. ನಿಜವೂ ಇರಬಹುದು. ಆದರೆ ಅವರು ನಿಮ್ಮ ಜೊತೆ ಕೂತು ಮಾತಾಡುತ್ತಿದ್ದಾರೆ ಅಂದರೆ ನಿಮ್ಮ ಕೆಲಸ ಅವರಿಗೆ ಬೇಕು ಅಂತ ತಾನೇ? ಜಗಳ ಬೇಡ, ಸಮಜಾಯಿಷಿಯೂ ಬೇಡ. ‘ನಿಮ್ಮ ಬಜೆಟ್ ಎಷ್ಟು? ಅಷ್ಟರಲ್ಲಿ ಏನೇನು ಮಾಡಬಹುದು ಹೇಳುತ್ತೇನೆ’ ಎನ್ನಿ. ಹತ್ತು ಪುಟದ ಬದಲು ಆರು ಪುಟ. ಮೂರು ಸಲ ತಿದ್ದುವ ಬದಲು ಒಂದು ಸಲ. ಇಲ್ಲವೇ ಅವಸರವಿಲ್ಲದ ಗಡುವು, ಅರ್ಧ ಹಣ ಮುಂಗಡ. ಅದೇ ಕೆಲಸಕ್ಕೆ ಸುಮ್ನೆ ದರ ಇಳಿಸಿದರೆ, ಮೊದಲು ಹೇಳಿದ್ದು ಸುಳ್ಳು ದರ ಎಂದು ನೀವೇ ಒಪ್ಪಿಕೊಂಡಂತೆ. ಮುಂದಿನ ಸಲವೂ ಅವರು ಕೇಳಿಯೇ ಕೇಳುತ್ತಾರೆ.

ಮೊದಲು ಸಂಖ್ಯೆ ಹೇಳುವವರು ಯಾರು ಎಂಬುದೂ ಮುಖ್ಯ. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. 10 ಅಥವಾ 65ರಲ್ಲಿ ಮಾತ್ರ ನಿಲ್ಲುವ ಚಕ್ರವೊಂದನ್ನು ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. 10 ನೋಡಿದವರ ಅಂದಾಜು 25ರ ಸುತ್ತ ಇತ್ತು, 65 ನೋಡಿದವರದ್ದು 45ರ ಸುತ್ತ. ಸಂಬಂಧವೇ ಇಲ್ಲದ ಸಂಖ್ಯೆ ಇಷ್ಟು ಎಳೆಯುತ್ತದೆ ಎಂದಮೇಲೆ ಗ್ರಾಹಕರ ‘ಅರ್ಧ’ ನಿಮ್ಮನ್ನು ಎಳೆಯದೇ ಇರುತ್ತದೆಯೇ? ಮಾರುಕಟ್ಟೆ ದರ ಗೊತ್ತಿದ್ದರೆ ನೀವೇ ಮೊದಲು ಹೇಳಿ. ಗೊತ್ತಿಲ್ಲದಿದ್ದರೆ ಇದೇ ಕೆಲಸ ಮಾಡುವ ಮೂರ್ನಾಲ್ಕು ಜನರನ್ನು ನೇರವಾಗಿ ಕೇಳಿ. ದರದ ಮಾತು ಗುಟ್ಟಾಗಿ ಉಳಿದರೆ ಲಾಭ ಹಣ ಕೊಡುವವರಿಗೆ ಮಾತ್ರ.

ಇನ್ನೊಂದು. ಮೊದಲು ಎರಡು ದಿನ ಹಿಡಿಯುತ್ತಿದ್ದ ಪುಟ ಈಗ ಅರ್ಧ ದಿನಕ್ಕೆ ಮುಗಿಯುತ್ತದೆ ಎಂದು ಬರೆದಿದ್ದೀರಿ. ಗಂಟೆ ಲೆಕ್ಕದಲ್ಲಿ ನಿಮ್ಮ ಕೈ ಪಳಗಿದಷ್ಟೂ ಬಿಲ್ ಸಣ್ಣದಾಗುತ್ತದೆ. ಇಂಥ ಕೆಲಸಕ್ಕೆ ಇಡೀ ಕೆಲಸದ ದರ ಹೇಳಿ. ಅದರಲ್ಲಿ ಏನು ಸೇರಿದೆ, ಎಷ್ಟು ಸಲ ತಿದ್ದುತ್ತೀರಿ, ಹಣ ಯಾವ ದಿನಕ್ಕೆ ಬರಬೇಕು ಎಂದು ಬರಹದಲ್ಲಿರಲಿ. ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದ ಕೆಲಸಕ್ಕೆ ಗಂಟೆ ಲೆಕ್ಕವೇ ಸರಿ.

ಹೊಸ ದರವನ್ನು ಮೊದಲು ಹೊಸ ಗ್ರಾಹಕರಿಗೆ ಹೇಳಿ. ಒಬ್ಬರು ಒಪ್ಪಿದರೂ ನಿಮ್ಮ ಧ್ವನಿ ಬದಲಾಗುತ್ತದೆ. ಆಮೇಲೆ ಹಳೆಯ ಗ್ರಾಹಕರಿಗೆ ಎರಡು ತಿಂಗಳು ಮುಂಚೆ ತಿಳಿಸಿ: ‘ಈಗ ಕೈಯಲ್ಲಿರುವ ಕೆಲಸ ಹಳೆಯ ದರದಲ್ಲೇ ಮುಗಿಸಿಕೊಡುತ್ತೇನೆ. ಇಂಥ ತಾರೀಕಿನಿಂದ ಹೊಸ ದರ ಇಷ್ಟು.’ ಅಷ್ಟು ಸಾಕು. ಮನೆಯ ಖರ್ಚಿನ ವಿವರ, ಕ್ಷಮೆ ಯಾವುದೂ ಬೇಡ.

ಬಿಟ್ಟುಹೋಗುತ್ತಾರೆಯೇ ಎಂದರೆ, ಹೋಗಬಹುದು. ಅದಕ್ಕೇ ಆ ಒಬ್ಬರಿಂದ ಎಷ್ಟು ಹಣ ಬರುತ್ತದೆ ಎಂದು ಇವತ್ತೇ ಲೆಕ್ಕ ಹಾಕಿ. ಆದಾಯದ ಅರ್ಧಕ್ಕಿಂತ ಜಾಸ್ತಿ ಅವರಿಂದಲೇ ಬರುತ್ತಿದ್ದರೆ ಈಗಲೇ ಕೇಳಬೇಡಿ. ಇನ್ನಿಬ್ಬರು ಗ್ರಾಹಕರು ಸಿಕ್ಕ ಮೇಲೆ ಕೇಳಿ. ಅಲ್ಲಿಯವರೆಗೆ ಅವರ ಹೊಸ ಕೆಲಸಗಳಿಗೆ ಒಂದೇ ಸಲ ತಿದ್ದುವ ನಿಯಮ ತನ್ನಿ. ಅಷ್ಟಕ್ಕೇ ಕೆಲವು ರಾತ್ರಿಗಳಾದರೂ ಬಿಡುವು ಸಿಗುತ್ತದೆ, ಹೊಸ ಗ್ರಾಹಕರನ್ನು ಹುಡುಕಲು ಹೊತ್ತೂ ಸಿಗುತ್ತದೆ.