ನಮ್ಮ ಜಿಲ್ಲೆಗೆ ಸೋಲಾರ್ ಪಾರ್ಕ್ ಬರುತ್ತಿದೆ. ಪಾರ್ಕ್ ಬಂದರೆ ಊರು ಬೆಳೆಯುತ್ತದೆ. ತಮ್ಮ ಎಸ್ಸೆಸ್ಸೆಲ್ಸಿ ಓದಿದ್ದಾನೆ. ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ವ್ಯಾಪಾರ ಶುರು ಮಾಡಬಹುದೇ?

ಸೋಲಾರ್ ನಂಬಿಕೊಂಡು ಬರುವುದಾದರೆ ಬೇಡ. ಇದೇ ಪ್ರಶ್ನೆಯನ್ನು 2018ರಲ್ಲಿ ನಾನು ಯಾರ ಹತ್ತಿರವೂ ಕೇಳಲಿಲ್ಲ. ಪೀಣ್ಯದ ಕೆಲಸ ಬಿಟ್ಟು ಸೀದಾ ಊರಿಗೆ ಬಂದುಬಿಟ್ಟೆ.

ನಮ್ಮದು ಪಾವಗಡ ತಾಲ್ಲೂಕು. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಪಾರ್ಕ್ ಇದೆ. 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆ ಹಿಡಿದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಕಡ್ಲೇಕಾಯಿ ಬಿತ್ತಿ, ಮಳೆ ಬಾರದೆ ಬೀಜದ ದುಡ್ಡೂ ಕಳೆದುಕೊಳ್ಳುವ ನೆಲಕ್ಕೆ ಇದು ಒಳ್ಳೆ ಬಾಡಿಗೆಯೇ. ಅಪ್ಪ ಆರು ಎಕರೆ ಕೊಟ್ಟರು, ಸರಿಯಾಗೇ ಮಾಡಿದರು.

ಎಡವಿದ್ದು ನಾನು. ಆಗ ಊರ ತುಂಬ ಜನ. ಬಿಹಾರ, ಜಾರ್ಖಂಡ್ ಕಡೆಯ ಹುಡುಗರು, ಜೆಸಿಬಿ, ಲಾರಿ. ಟೀ ಅಂಗಡಿಯಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ. ಇಷ್ಟು ಜನಕ್ಕೆ ಮನೆ ಬೇಕಲ್ವಾ ಅಂತ ಸಾಲ ಮಾಡಿ ಎಂಟು ರೂಮು ಕಟ್ಟಿಸಿದೆ. ಶೀಟ್ ಹಾಕಿದ್ದರೆ ಸಾಲ ಅರ್ಧದಷ್ಟೂ ಆಗುತ್ತಿರಲಿಲ್ಲ. ನಾನು ಮೋಲ್ಡೇ ಹಾಕಿಸಿದೆ, ಪ್ರತಿ ರೂಮಿಗೂ ಬಾತ್‌ರೂಮು ಬೇರೆ. ಕೂಲಿ ಹುಡುಗರು ಸೈಟ್ ಪಕ್ಕದ ಶೆಡ್‌ನಲ್ಲೇ ಮಲಗುತ್ತಿದ್ದರು. ನನ್ನ ರೂಮಿಗೆ ಬಂದವರು ಸೂಪರ್‌ವೈಸರ್‌ಗಳು, ಎಂಜಿನಿಯರ್‌ಗಳು. ಅವರು ಎಷ್ಟು ದಿನ ಇರುತ್ತಾರೆ ಅಂತ ನಾನು ಕೇಳಲೇ ಇಲ್ಲ. ಗುತ್ತಿಗೆ 28 ವರ್ಷ ಅಂದರೆ ಕೆಲಸವೂ 28 ವರ್ಷ ಅಂದುಕೊಂಡಿದ್ದೆ! ಕಲ್ಲಿದ್ದಲ ಸ್ಥಾವರಕ್ಕಾದರೆ ದಿನಾ ಕಲ್ಲಿದ್ದಲು ಬರಬೇಕು, ಬೂದಿ ಹೋಗಬೇಕು, ಮೂರು ಪಾಳಿಯಲ್ಲಿ ಜನ ಬೇಕು. ಇಲ್ಲಿ ಕಂಬ ನೆಟ್ಟು, ಪ್ಯಾನಲ್ ಕೂರಿಸಿ, ವೈರ್ ಎಳೆದರೆ ಮುಗಿಯಿತು. ಆಮೇಲೆ ಉಳಿಯುವುದು ಕಾವಲು, ಹುಲ್ಲು ಕೀಳುವುದು, ಪ್ಯಾನಲ್ ತೊಳೆಯುವುದು, ಜೊತೆಗೆ ನಾಲ್ಕಾರು ಟೆಕ್ನಿಷಿಯನ್‌ಗಳು. 2019ರ ಡಿಸೆಂಬರ್‌ಗೆ ಪಾರ್ಕ್ ಪೂರ್ತಿಯಾಯಿತು. ರೂಮು ಖಾಲಿ ಆಗಿದ್ದಕ್ಕೆ ಎಲ್ಲರೂ ಕೊರೊನಾ ಕಾರಣ ಅನ್ನುತ್ತಾರೆ. ಸುಳ್ಳು. ಲಾಕ್‌ಡೌನ್‌ಗೆ ಮುಂಚೆಯೇ ಐದು ರೂಮಿಗೆ ಬೀಗ ಬಿದ್ದಿತ್ತು. ಈಗ ಜಮೀನಿನ ಬಾಡಿಗೆ ಬಂದರೆ ಅದು ರೂಮಿನ ಸಾಲಕ್ಕೇ ಹೋಗುತ್ತದೆ.

'ಪಾರ್ಕ್ ಬಂದರೆ ಊರು ಬೆಳೆಯುತ್ತದೆ' ಅಂತ ಬರೆದಿದ್ದೀರಿ. ಅದನ್ನು ನಾನು ಒಪ್ಪಲ್ಲ. ಬಾಡಿಗೆ ಬರುವುದು ಜಮೀನಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಏನೂ ಇಲ್ಲ. ಕುರಿ ಮೇಯಿಸಲು ಜಾಗವಿಲ್ಲದೆ ನಮ್ಮ ಪಕ್ಕದ ಮನೆಯವರು ಕುರಿ ಮಾರಿದರು. ಜಮೀನಿದ್ದವರಾದರೂ ಊರಲ್ಲಿ ಇದ್ದಾರಾ? ಉಳುವ ಕೆಲಸವಿಲ್ಲ, ದುಡ್ಡು ಬ್ಯಾಂಕಿಗೇ ಬರುತ್ತದೆ. ಹಾಗಾಗಿ ಮಕ್ಕಳ ಸ್ಕೂಲಿಗೆ ಅಂತ ತುಮಕೂರು, ಬೆಂಗಳೂರಿಗೆ ಹೋದರು. ಕರೆಂಟೂ ಗ್ರಿಡ್‌ಗೆ ಹೋಗುತ್ತದೆ, ದುಡ್ಡೂ ಪೇಟೆಗೆ ಹೋಗುತ್ತದೆ.

ಇನ್ನೊಂದು, ಮಕ್ಕಳೇ ಕಡಿಮೆಯಾಗಿದ್ದಾರೆ. ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹುಟ್ಟಿದವರೂ ಪಿಯುಸಿ ಮುಗಿಯುತ್ತಲೇ ಬಸ್ಸು ಹತ್ತುತ್ತಾರೆ. ನಿಮ್ಮ ಅಂಗಡಿಗೆ ಗಿರಾಕಿ ಯಾರು? ಪೆನ್ಷನ್ ತೆಗೆದುಕೊಳ್ಳುವ ಅಜ್ಜಿಯರು. ಬೇಕಿದ್ದರೆ ಔಷಧಿ ಅಂಗಡಿ ಇಡಿ, ಅದು ನಡೆದರೂ ನಡೆಯಬಹುದು.

ಜಮೀನು ಒಣಭೂಮಿ ಆಗಿದ್ದರೆ ಗುತ್ತಿಗೆಗೆ ಕೊಡಿ, ನೀರಾವರಿ ಇದ್ದರೆ ಕೊಡಬೇಡಿ. ಬಾಡಿಗೆ ಏರಿಕೆ ಪತ್ರದಲ್ಲಿ ಬರೆದಿದೆಯಾ ನೋಡಿ. ಕೆಲಸ ಬಿಡಬೇಡಿ. ಪಾರ್ಕ್ ಕಟ್ಟುವಷ್ಟು ಕಾಲ ನಿಜವಾಗಿ ದುಡ್ಡಿದೆ. ಆಗ ಟ್ರ್ಯಾಕ್ಟರ್, ನೀರಿನ ಟ್ಯಾಂಕರ್ ಬಾಡಿಗೆಗೆ ತಂದು ಓಡಿಸಿ, ಸಾಲ ಮಾಡಿ ಕೊಳ್ಳಬೇಡಿ. ತಮ್ಮ ಎಸ್ಸೆಸ್ಸೆಲ್ಸಿ ಅಂದಿರಿ, ಅವನನ್ನು ಐಟಿಐ ಎಲೆಕ್ಟ್ರಿಷಿಯನ್‌ಗೆ ಸೇರಿಸಿ. ಪಾರ್ಕ್‌ನಲ್ಲಿ ಕೆಲಸ ಸಿಗದಿದ್ದರೂ ಬೇರೆ ಕಡೆ ಸಿಗುತ್ತದೆ.