ಕರಿಬೇವಿನ ಗಿಡದ ಗೂಡು, ಬಾವಿ ಮೇಲಿನ ಗೀಜಗ

ಪ್ರಶ್ನೆ: ನಮ್ಮ ಹಿತ್ತಲ ಕರಿಬೇವಿನ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದೆ. ಮೊನ್ನೆ ಒಂದು ಮೊಟ್ಟೆ, ನಿನ್ನೆ ಎರಡು, ಇವತ್ತು ಮೂರು. ಆದರೆ ಹಕ್ಕಿ ಗೂಡಲ್ಲಿ ಜಾಸ್ತಿ ಹೊತ್ತು ಕೂರುತ್ತಿಲ್ಲ. ಮಗಳು ಒಮ್ಮೆ ಮೊಟ್ಟೆ ಮುಟ್ಟಿಬಿಟ್ಟಳು. ಇನ್ನು ಹಕ್ಕಿ ಬರೋದಿಲ್ಲ ಅಂತಾರೆ ನಮ್ಮತ್ತೆ. ನಿಜಾನಾ? (ಓದುಗರು, ಶಿರಾ ಗೇಟ್, ತುಮಕೂರು)

ಉತ್ತರ: ಗಾಬರಿ ಬೇಡ. ನಿನ್ನೆ ಎರಡಿದ್ದದ್ದು ಇವತ್ತು ಮೂರಾಗಿದೆ ಅಂದರೆ ಹಕ್ಕಿ ಬಂದು ಹೋಗುತ್ತಲೇ ಇದೆ, ಅಲ್ವಾ? ಪಿಕಳಾರ ದಿನಕ್ಕೊಂದರಂತೆ ಮೊಟ್ಟೆ ಇಡುತ್ತದೆ. ಎಲ್ಲ ಇಟ್ಟು ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಕಾವಿಗೆ ಕೂರುತ್ತದೆ. ಕ್ಯಾಲೆಂಡರ್‌ನಲ್ಲಿ ಇವತ್ತಿನ ತಾರೀಖಿಗೆ ಗುರುತು ಹಾಕಿ. ಸುಮಾರು 14 ದಿನಕ್ಕೆ ಮರಿ, ಅಲ್ಲಿಂದ ಇನ್ನೂ 12-14 ದಿನಕ್ಕೆ ಗೂಡು ಖಾಲಿ. ಎಲ್ಲ ಸೇರಿ ಒಂದು ತಿಂಗಳೂ ಇಲ್ಲ.

ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಕೈ ವಾಸನೆಗೆ ಹಕ್ಕಿ ಗೂಡು ಬಿಡುವುದಿಲ್ಲ. ಆದರೆ ಪದೇ ಪದೇ ಹೋಗಿ ಇಣುಕಿದರೆ ಬಿಡಬಹುದು, ಅದೂ ಗೂಡು ಕಟ್ಟುವಾಗ ಮತ್ತು ಮೊಟ್ಟೆ ಇರುವಾಗ. ಅದಕ್ಕಿಂತ ನನಗೆ ಹೆಚ್ಚು ಭಯ ಕಾಗೆಯದ್ದು. ನೀವು ದಿನಾ ಎಲ್ಲಿ ಹೋಗಿ ನಿಲ್ಲುತ್ತೀರಿ ಅನ್ನುವುದನ್ನು ಅದು ನೋಡುತ್ತಿರುತ್ತದೆ. ನಾವು ಪ್ರೀತಿಯಿಂದ ನೋಡಲು ಹೋಗಿ ಕಾಗೆಗೆ ದಾರಿ ತೋರಿಸಿದ ಹಾಗಾಗುತ್ತದೆ. ಅಡುಗೆಮನೆ ಕಿಟಕಿಯಿಂದ ನೋಡಿ, ಅಷ್ಟು ಸಾಕು. ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ಹಕ್ಕಿ ಎಷ್ಟು ಹೊತ್ತಿಗೆ ಬಂತು, ಕೊಕ್ಕಿನಲ್ಲಿ ಏನಿತ್ತು ಅಂತ ಬರೆಯಲಿ. ಹಣ್ಣು ತಿನ್ನುವ ಪಿಕಳಾರ ಮರಿಗಳಿಗೆ ಹುಳು ಹೆಕ್ಕಿ ತರುವುದನ್ನು ಅವಳೇ ಕಂಡುಕೊಳ್ಳುತ್ತಾಳೆ. ಹಾಗಾಗಿ ಈ ತಿಂಗಳು ಗಿಡಗಳಿಗೆ ಔಷಧಿ ಹೊಡೆಯಬೇಡಿ.

ಒಗ್ಗರಣೆಗೆ ಆ ಗಿಡದ ಸೊಪ್ಪು ಕೀಳುವುದೂ ಬೇಡ. ಗೂಡಿಗೆ ನೆರಳು, ಮರೆ ಎರಡೂ ಆ ಎಲೆಗಳೇ. ಪಕ್ಕದ ಮನೆಯಲ್ಲಿ ಎರಡು ಎಸಳು ಕೇಳಿದರೆ ಯಾರು ಬೇಡ ಅಂತಾರೆ?

ಪುಕ್ಕ ಬರದ ಮರಿ ಕೆಳಗೆ ಬಿದ್ದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಪುಕ್ಕ ಬಂದು, ಬಾಲ ಮೋಟಾಗಿರುವ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕನ್ನು ಒಳಗೆ ಹಾಕಿ ದೂರ ಬನ್ನಿ. ಹಾಲು, ಅನ್ನ ಏನೂ ತಿನ್ನಿಸಬೇಡಿ. ಅಪ್ಪ ಅಮ್ಮ ಅಲ್ಲೇ ಹತ್ತಿರ ಇರುತ್ತವೆ.

ಪ್ರಶ್ನೆ: ನಮ್ಮ ತೋಟದ ಬಾವಿ ಪಕ್ಕದ ತೆಂಗಿನ ಗರಿಗಳಲ್ಲಿ ಪ್ರತಿ ಮಳೆಗಾಲ ಗೀಜಗ ಗೂಡು ಕಟ್ಟುತ್ತವೆ. ಎಷ್ಟೋ ಗೂಡು ಅರ್ಧಕ್ಕೇ ನಿಂತಿವೆ. ಯಾರಾದರೂ ಓಡಿಸ್ತಿದಾರಾ? (ರೈತರು, ಗುಬ್ಬಿ ತಾಲ್ಲೂಕು)

ಉತ್ತರ: ಯಾರೂ ಓಡಿಸಿಲ್ಲ. ಅದು ಹೆಣ್ಣು ಒಪ್ಪದ ಮನೆ. ಗೂಡು ಹೆಣೆಯುವುದು ಹಳದಿ ತಲೆಯ ಗಂಡು. ಹುಲ್ಲಿನ ಎಲೆ, ತೆಂಗಿನ ಗರಿಯಿಂದ ಉದ್ದುದ್ದ ನಾರು ಸೀಳಿ ತಂದು, ಹೆಲ್ಮೆಟ್ ಆಕಾರದವರೆಗೆ ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಮೊಟ್ಟೆಯ ಗೂಡು, ಕೆಳಗೆ ಇಳಿಯುವ ಕೊಳವೆ ಎಲ್ಲ ಪೂರ್ತಿಯಾಗುತ್ತದೆ. ಇಲ್ಲವಾದರೆ ಅರ್ಧಕ್ಕೇ ಬಿಟ್ಟು ಗಂಡು ಇನ್ನೊಂದನ್ನು ಶುರು ಮಾಡುತ್ತದೆ. ಒಪ್ಪಿದ ಮೇಲೂ ಅಷ್ಟೇ. ಕಾವು ಹೆಣ್ಣಿನ ಪಾಲು, ಗಂಡು ಮುಂದಿನ ಗೂಡಿಗೆ ನಾರು ತರಲು ಹೊರಟಿರುತ್ತದೆ. ಒಂದು ಗೂಡಿಗೆ ನೂರಾರು ಸಲ ಓಡಾಡಬೇಕು. ಒಳಗೋಡೆಗೆ ಹಸಿ ಮಣ್ಣನ್ನೂ ಮೆತ್ತುತ್ತದೆ.

ಮುಂಗಾರನ್ನೇ ಕಾಯುವುದಕ್ಕೆ ಕಾರಣವಿದೆ. ಆಗ ಹುಲ್ಲು ಹಸಿಯಾಗಿ ಬಳುಕುತ್ತದೆ, ಮರಿಗಳಿಗೆ ಹುಳ ಸಿಗುತ್ತದೆ. ಬಾವಿ ಮೇಲೆ ಜೋತಾಡುವ ಗರಿಯ ತುದಿಗೆ ಹಾವು, ಬೆಕ್ಕು ಬರುವುದು ಕಷ್ಟ. ಗೂಡುಗಳು ಮರದ ಯಾವ ಕಡೆಗಿವೆ ಅಂತ ಈ ಸಲ ಗಮನಿಸಿ. ಪಶ್ಚಿಮದ ಮಳೆಗಾಳಿಗೆ ಬೆನ್ನು ಮಾಡಿ ಪೂರ್ವದ ಕಡೆ ಕಟ್ಟುವುದೇ ಹೆಚ್ಚು.

ಷೋಕೇಸ್‌ಗೆ ಬೇಕು ಅಂತ ಗೂಡು ಕೇಳಿಕೊಂಡು ಬರುವವರಿಗೆ ದಯವಿಟ್ಟು ಕೊಡಬೇಡಿ. ಹಳೇ ಗೂಡುಗಳಲ್ಲಿ ರಾಟವಾಳ ಎಂಬ ಪುಟ್ಟ ಹಕ್ಕಿಗಳು ಬಂದು ಸೇರುತ್ತವೆ. ಕಾಡುಹಕ್ಕಿಗಳ ಗೂಡು, ಮೊಟ್ಟೆ ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ಕೂಡ.

ಪ್ರಶ್ನೆ: ಮಕ್ಕಳಿಗೆ ದೊಡ್ಡ ಹಕ್ಕಿಗಳ ಗೂಡು ತೋರಿಸಬೇಕು. ಹತ್ತಿರದಲ್ಲಿ ಎಲ್ಲಿಗೆ ಹೋಗಬಹುದು? (ಶಿಕ್ಷಕರು, ಮಧುಗಿರಿ)

ಉತ್ತರ: ಶಿರಾ ತಾಲ್ಲೂಕಿನ ಕಗ್ಗಲಡು. ಬೇಸಿಗೆಯ ಹೊತ್ತಿಗೆ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಕೆಳಗೆ ಜನರ ಓಡಾಟ, ಮೇಲೆ ಮರಿಗಳ ಗಲಾಟೆ. ಊರಿನವರೇ ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಬೆಳಿಗ್ಗೆ ಬೇಗ ಹೋಗಿ, ಮರದಿಂದ ಸ್ವಲ್ಪ ದೂರವೇ ಮಕ್ಕಳನ್ನು ಕೂರಿಸಿ. ಚಪ್ಪಾಳೆ, ಕೂಗಾಟ ಬೇಡ. ಬೆಚ್ಚಿ ಎದ್ದ ಕೊಕ್ಕರೆ ತಿರುಗಿ ಬರುವವರೆಗೂ ಮರಿಗಳು ಬಿಸಿಲಿಗೆ ಒಡ್ಡಿಕೊಂಡಿರುತ್ತವೆ.